ಮೂವರೂ ಒಟ್ಟಿಗೆ ಕೂತರೆ: ಅಭ್ಯರ್ಥಿಗಳ ಮುಖಾಮುಖಿ ಚರ್ಚೆಯಿಂದ ಆಗುವುದೇನು?

ಹೋದ ಪಂಚಾಯತು ಚುನಾವಣೆಯ ಹೊತ್ತಿಗೆ ನಮ್ಮ ಅಂಗಳಕ್ಕೆ ಮೂವರು ಅಭ್ಯರ್ಥಿಗಳು ಬಂದರು. ಮೂವರೂ ಬೇರೆ ಬೇರೆ ದಿನ ಬಂದದ್ದು. ನಮ್ಮ ಕಡೆ ದೊಡ್ಡ ಸಂಕಟ ನೀರಿನದ್ದು. ಮಾರ್ಚ್ ಕಳೆಯಿತೆಂದರೆ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ನೂಲಿನಷ್ಟಾಗುತ್ತದೆ. ಹಾಗಾಗಿ ಮೂವರ ಹತ್ತಿರವೂ ನೀರಿನದ್ದೇ ಮಾತು. ಮೊದಲು ಬಂದವರು, ಪೈಪ್‌ಲೈನ್ ತರಿಸುತ್ತೇನೆ ಎಂದರು. ಎರಡನೆಯವರು, ಪೈಪಿಗೆ ದುಡ್ಡು ಬಂದಿತ್ತು, ಖರ್ಚು ಮಾಡದೆ ವಾಪಸು ಹೋಯಿತು ಎಂದರು. ಮೂರನೆಯವರು, ಎಲ್ಲ ಮಾಡುವಾ, ಓಟು ಮಾತ್ರ ಮರೀಬೇಡಿ ಎಂದು ಕೈ ಮುಗಿದರು.

ದುಡ್ಡು ಬಂದಿತ್ತೋ ಇಲ್ಲವೋ? ವಾಪಸು ಹೋಗಿದ್ದರೆ ಯಾಕೆ ಹೋಯಿತು? ಇದನ್ನು ತೀರ್ಮಾನ ಮಾಡಬೇಕಾದರೆ ಮೊದಲನೆಯವರೂ ಎರಡನೆಯವರೂ ಒಂದೇ ಹೊತ್ತಿಗೆ ಒಂದೇ ಅಂಗಳದಲ್ಲಿ ಇರಬೇಕಿತ್ತು. ಅಮ್ಮ ಗ್ಲಾಸು ತೊಳೆಯುತ್ತಾ, "ಮೂರೂ ಜನ ಒಟ್ಟಿಗೆ ಬಂದಿದ್ದರೆ ಒಂದೇ ಸಲ ಚಾ ಇಡಬಹುದಿತ್ತು, ವಿಷಯವೂ ಗೊತ್ತಾಗುತ್ತಿತ್ತು" ಎಂದರು. ಅಭ್ಯರ್ಥಿಗಳ ಚರ್ಚೆ ಎಂದರೆ ಇಷ್ಟೇ. ಒಂದೇ ಸ್ಥಾನಕ್ಕೆ ನಿಂತವರು ಒಂದೇ ವೇದಿಕೆಯಲ್ಲಿ, ಒಂದೇ ಪ್ರಶ್ನೆಗೆ, ಒಬ್ಬರ ಎದುರು ಒಬ್ಬರು ಉತ್ತರ ಹೇಳುವುದು.

ಟಿವಿಯಲ್ಲಿ ರಾತ್ರಿ ನಡೆಯುವ ಗಲಾಟೆಯನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಕೂರುವವರು ಹೆಚ್ಚಾಗಿ ಪಕ್ಷದ ವಕ್ತಾರರು. ಅವರು ನಾಳೆ ನಿಮ್ಮ ವಾರ್ಡಿನ ಕಡತಕ್ಕೆ ಸಹಿ ಹಾಕುವವರಲ್ಲ. ಪ್ರಚಾರದ ಭಾಷಣವೂ ಬೇರೆ. ಭಾಷಣದಲ್ಲಿ ಎದುರಾಳಿ ಇರುವುದಿಲ್ಲ, ಹಾಗಾಗಿ ತಡೆಯುವವರೂ ಇಲ್ಲ.

ನಮ್ಮ ಕಾಸರಗೋಡಿನ ಕನ್ನಡದವರಿಗೆ ಇದನ್ನು ಅರ್ಥ ಮಾಡಿಸುವುದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ತಾಳಮದ್ದಳೆ, ಅಂದರೆ ವೇಷ ಕಟ್ಟದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು ನಾವು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ, ಪೆರ್ಲ, ಬದಿಯಡ್ಕ, ನೀರ್ಚಾಲಿನ ಕಡೆಗಳಲ್ಲಿ ಒಂದು ರಾತ್ರಿಯ ತಾಳಮದ್ದಳೆಗೆ ಜನ ಕೂತು ಕೇಳುವುದು ಕಥೆಗಾಗಿ ಅಲ್ಲ. ಕಥೆ ಎಲ್ಲರಿಗೂ ಗೊತ್ತು. ವಾಲಿ ಸಾಯುತ್ತಾನೆ, ಸಂಧಾನ ಮುರಿಯುತ್ತದೆ. ಆದರೂ ಜನ ಕೂರುತ್ತಾರೆ. ಯಾಕೆಂದರೆ ಎದುರು ಅರ್ಥ ಹೇಳುವವರು, ಅಂದರೆ ಎದುರು ಪಾತ್ರದ ಮಾತಾಡುವ ಅರ್ಥಧಾರಿಗಳು, ಗಟ್ಟಿಯಾಗಿದ್ದರೆ ಇವರ ಮಾತೂ ಗಟ್ಟಿಯಾಗುತ್ತದೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಅದು ಯಾವ ನ್ಯಾಯ ಎಂದು ವಾಲಿ ಕೇಳಿದ ಮೇಲೆ ರಾಮನ ಅರ್ಥಧಾರಿಗೆ ಸುಮ್ನೆ ಪದ್ಯದ ಸಾರ ಹೇಳಿ ಮುಗಿಸುವುದಕ್ಕೆ ಆಗುವುದಿಲ್ಲ. ಬಿದ್ದವನ ಪ್ರಶ್ನೆಗೆ ಗೆದ್ದವನು ಉತ್ತರ ಕೊಡಲೇಬೇಕು. ಬೆಳಗ್ಗೆ ಮನೆಗೆ ಹೋಗುವಾಗ ಜನ ಮಾತಾಡುವುದು ಆ ಉತ್ತರದ ಬಗ್ಗೆಯೇ.

ಚುನಾವಣೆಯ ಚರ್ಚೆಯ ತಿರುಳೂ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಯಾರು ಗೆದ್ದರು ಎನ್ನುವುದಕ್ಕಿಂತ, ಯಾವ ಪ್ರಶ್ನೆಗೆ ಯಾರು ಏನು ಹೇಳಿದರು ಎನ್ನುವುದು ಊರಿನ ನೆನಪಿನಲ್ಲಿ ಉಳಿಯುತ್ತದೆ. ಚರ್ಚೆಯ ಚರಿತ್ರೆ ನೋಡಿದರೂ ಹಾಗೆಯೇ ಕಾಣುತ್ತದೆ.

1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸೆನೆಟ್ ಸ್ಥಾನಕ್ಕಾಗಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಏಳು ಊರುಗಳಲ್ಲಿ ಏಳು ಸಲ ಎದುರೆದುರು ನಿಂತರು. ಒಂದೊಂದು ಚರ್ಚೆ ಮೂರು ಗಂಟೆಯದ್ದು. ಮೊದಲನೆಯವರಿಗೆ 60 ನಿಮಿಷ, ಎದುರಿನವರಿಗೆ 90, ಮತ್ತೆ ಮೊದಲನೆಯವರಿಗೆ 30. ಮೈಕ್ ಇಲ್ಲದ ಕಾಲ. ಜನ ಬಯಲಿನಲ್ಲಿ ನಿಂತು ಕೇಳಿದರು. ಮುಖ್ಯ ವಿಷಯ ಗುಲಾಮಗಿರಿ. ಆ ಸಲ ಸ್ಥಾನ ಸಿಕ್ಕಿದ್ದು ಡಗ್ಲಸ್‌ಗೆ. ಆದರೆ ಪತ್ರಿಕೆಗಳಲ್ಲಿ ಮಾತುಗಳು ಪೂರ್ತಿ ಅಚ್ಚಾಗಿ ಲಿಂಕನ್ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 1860ರಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು.

ಇನ್ನೊಂದು ಹೆಸರುವಾಸಿ ಚರ್ಚೆ 1960ರ ಸೆಪ್ಟೆಂಬರ್ 26ರದ್ದು. ಷಿಕಾಗೋದ ಟಿವಿ ಸ್ಟುಡಿಯೋದಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್. ನಿಕ್ಸನ್ ಅದಕ್ಕೆ ಸ್ವಲ್ಪ ದಿನ ಮುಂಚೆ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದರು. ಸೊರಗಿದ್ದರು, ಮುಖಕ್ಕೆ ಸರಿಯಾಗಿ ಮೇಕಪ್ ಕೂಡ ಹಾಕಿಸಿಕೊಳ್ಳಲಿಲ್ಲ. ಕೆನಡಿ ಬಿಸಿಲಿಗೆ ಮೈಬಣ್ಣ ಏರಿ ಆರೋಗ್ಯವಾಗಿ ಕಾಣುತ್ತಿದ್ದರು. ಸುಮಾರು 7 ಕೋಟಿ ಜನ ನೋಡಿದರು. ಕೊನೆಗೆ ಕೆನಡಿ ಗೆದ್ದದ್ದು ಇಡೀ ದೇಶದ ಮತದಲ್ಲಿ 1.2 ಲಕ್ಷಕ್ಕೂ ಕಡಿಮೆ ಅಂತರದಿಂದ.

ರೇಡಿಯೋದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದ ಹಾಗೆ, ಟಿವಿಯಲ್ಲಿ ನೋಡಿದವರಿಗೆ ಕೆನಡಿ ಗೆದ್ದ ಹಾಗೆ ಅನಿಸಿತು ಎನ್ನುವ ಮಾತನ್ನು ನೀವೂ ಕೇಳಿರಬಹುದು. ಬಹಳ ಜನ ಇದನ್ನು ಪಾಠದ ಹಾಗೆ ಹೇಳುತ್ತಾರೆ. ಆದರೆ ಅದಕ್ಕೆ ಇರುವ ಆಧಾರ ಆಗಿನ ಒಂದು ಸಣ್ಣ ಸಮೀಕ್ಷೆ. ರೇಡಿಯೋ ಕೇಳಿದವರು ಯಾವ ಕಡೆಯವರು, ಮೊದಲೇ ಅವರ ಒಲವು ಯಾರ ಮೇಲಿತ್ತು ಎನ್ನುವುದನ್ನು ಅದು ಸರಿಯಾಗಿ ಬಿಡಿಸಿ ಹೇಳುವುದಿಲ್ಲ. ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ಚರ್ಚೆಯ ಬಗ್ಗೆ ಹರಡಿರುವ ಕಥೆಗಳಲ್ಲಿ ಅರ್ಧದಷ್ಟು ಹೀಗೆಯೇ. ಒಂದು ಮಾತು, ಒಂದು ಮುಖಭಾವ ಇಡೀ ಚುನಾವಣೆಯನ್ನೇ ತಿರುಗಿಸಿತು ಎಂದು ಹೇಳಲು ಚೆನ್ನಾಗಿರುತ್ತದೆ. ಲೆಕ್ಕ ಹಾಕಿ ನೋಡಿದರೆ ಅಷ್ಟು ಸಲೀಸಾಗಿ ಇರುವುದಿಲ್ಲ.

1960ರ ನಂತರ ಅಮೆರಿಕದಲ್ಲಿ ಅಧ್ಯಕ್ಷ ಅಭ್ಯರ್ಥಿಗಳ ಟಿವಿ ಚರ್ಚೆ 16 ವರ್ಷ ನಡೆಯಲೇ ಇಲ್ಲ. ಅದಕ್ಕೆ ಒಂದು ಕಾರಣ ಕಾನೂನು. ಒಬ್ಬ ಅಭ್ಯರ್ಥಿಗೆ ವಾಹಿನಿ ಸಮಯ ಕೊಟ್ಟರೆ ಉಳಿದ ಎಲ್ಲರಿಗೂ ಅಷ್ಟೇ ಸಮಯ ಕೊಡಬೇಕು ಎಂದು ನಿಯಮ ಇತ್ತು. ಸಣ್ಣ ಪುಟ್ಟ ಪಕ್ಷಗಳೆಲ್ಲ ಸೇರಿದರೆ ಎಷ್ಟು ಜನ! 1960ರಲ್ಲಿ ಆ ನಿಯಮವನ್ನು ತಾತ್ಕಾಲಿಕವಾಗಿ ಬದಿಗಿಟ್ಟಿದ್ದರು. 1975ರಲ್ಲಿ ಅದಕ್ಕೆ ಹೊಸ ಅರ್ಥ ಕೊಟ್ಟರು. ಬೇರೆಯವರು ಏರ್ಪಡಿಸಿದ ಚರ್ಚೆಯನ್ನು ವಾಹಿನಿ ಸುದ್ದಿಯಾಗಿ ತೋರಿಸಿದರೆ ಆ ನಿಯಮ ಅನ್ವಯಿಸುವುದಿಲ್ಲ ಎಂದಾಯಿತು. 1976ರಲ್ಲಿ ಮಹಿಳಾ ಮತದಾರರ ಸಂಘ ಮುಂದೆ ಬಂದು ಚರ್ಚೆ ಏರ್ಪಡಿಸಿತು. ಇನ್ನೊಂದು ಕಾರಣ ಕಾನೂನಿನದ್ದಲ್ಲ, ಮನುಷ್ಯ ಸ್ವಭಾವದ್ದು. ಗೆಲ್ಲುವ ನಂಬಿಕೆ ಇದ್ದವರಿಗೆ ಚರ್ಚೆ ಬೇಡ. ಮುಂದೆ ಇರುವವರು ವೇದಿಕೆ ಹತ್ತಿದರೆ ಕಳೆದುಕೊಳ್ಳುವುದೇ ಜಾಸ್ತಿ. ಹಿಂದೆ ಇರುವವರಿಗೆ ಕಳೆದುಕೊಳ್ಳಲು ಏನಿದೆ? ಅದಕ್ಕೇ ಚರ್ಚೆಗೆ ಬನ್ನಿ ಎಂಬ ಸವಾಲು ಯಾವಾಗಲೂ ಹಿಂದಿನವರ ಕಡೆಯಿಂದ ಬರುತ್ತದೆ, ಸಮಯ ಇಲ್ಲ ಎಂಬ ಉತ್ತರ ಮುಂದಿನವರ ಕಡೆಯಿಂದ. ಪಂಚಾಯತಿನಿಂದ ಪಾರ್ಲಿಮೆಂಟಿನವರೆಗೆ ಇದು ಹಾಗೆಯೇ.

1976ರ ಆ ಮೊದಲ ಚರ್ಚೆಯಲ್ಲಿ ಧ್ವನಿ ಕೆಟ್ಟು 27 ನಿಮಿಷ ಎಲ್ಲ ನಿಂತುಹೋಯಿತು. ಆಗಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಎದುರಾಳಿ ಜಿಮ್ಮಿ ಕಾರ್ಟರ್ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸದೆ, ಕದಲದೆ, ತಮ್ಮ ತಮ್ಮ ಪೀಠದ ಹಿಂದೆ ನಿಂತೇ ಇದ್ದರು. ನಿಂತ ಭಂಗಿಯೂ ಓಟಿಗೆ ತಾಗೀತು ಎಂಬ ಹೆದರಿಕೆ. ಎರಡನೆಯ ಚರ್ಚೆಯಲ್ಲಿ ಫೋರ್ಡ್, ಪೂರ್ವ ಯೂರೋಪಿನ ಮೇಲೆ ಸೋವಿಯತ್ ಹಿಡಿತ ಇಲ್ಲ ಎಂದುಬಿಟ್ಟರು. ಆ ಮಾತು ತಪ್ಪು ಎಂದು ಒಪ್ಪಿಕೊಳ್ಳುವುದಕ್ಕೆ ಅವರು ದಿನಗಟ್ಟಲೆ ಒದ್ದಾಡಿದರು. ಇನ್ನು 2024ರ ಜೂನ್ 27ರ ಚರ್ಚೆ ನಮ್ಮ ಕಣ್ಣೆದುರಿನದ್ದೇ. ಆಗಿನ ಅಧ್ಯಕ್ಷ ಜೋ ಬೈಡನ್ ತಡವರಿಸಿದ್ದನ್ನು ಇಡೀ ಲೋಕ ನೋಡಿತು. ಜುಲೈ 21ಕ್ಕೆ ಅವರು ಕಣದಿಂದ ಹಿಂದೆ ಸರಿದರು. ಅದರ ಮುಂಚೆ ಅವರ ವಯಸ್ಸಿನ ಬಗ್ಗೆ ಮಾತು ಇರಲಿಲ್ಲ ಅಂತಲ್ಲ. ಅಷ್ಟು ದಿನ ಬರೀ ಮಾತಾಗಿದ್ದದ್ದನ್ನು ಅವತ್ತು ಜನ ಕಣ್ಣಾರೆ ಕಂಡರು.

ಹಾಗಾದರೆ ಚರ್ಚೆಯಿಂದ ಓಟು ಬದಲಾಗುತ್ತದೋ? ಇಲ್ಲಿ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದ್ದು ಕ್ಯಾರೊಲಿನ್ ಲೆ ಪೆನೆಕ್ ಮತ್ತು ವಿನ್ಸೆಂಟ್ ಪಾನ್ಸ್ ಎಂಬಿಬ್ಬರದ್ದು, 2023ರಲ್ಲಿ ಪ್ರಕಟವಾಯಿತು. 10 ದೇಶಗಳ 62 ಚುನಾವಣೆಗಳು, 56 ಟಿವಿ ಚರ್ಚೆಗಳು. ಚರ್ಚೆಗೆ ಮುಂಚೆ ಮತ್ತು ನಂತರ ಜನರ ಆಯ್ಕೆ ಏನಾಯಿತು ಎಂದು ನೋಡಿದರು. ಟಿವಿ ಚರ್ಚೆಯಿಂದ ಜನರ ಆಯ್ಕೆ ಕದಲಿದ್ದು ಕಾಣಲಿಲ್ಲ. ಪ್ರಚಾರದ ಕೊನೆಯ ಎರಡು ತಿಂಗಳಲ್ಲಿ ಮನಸ್ಸು ಬದಲಿಸುವವರು ಇದ್ದಾರೆ. ಆದರೆ ಆ ಬದಲಾವಣೆ ಚರ್ಚೆಯ ರಾತ್ರಿಗೆ ಅಂಟಿಕೊಂಡಿರಲಿಲ್ಲ.

ಎರಡನೆಯದ್ದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಎಂಬ ಸಣ್ಣ ದೇಶದ್ದು. 2012ರ ಸಂಸತ್ ಚುನಾವಣೆ. 14 ಕ್ಷೇತ್ರಗಳಲ್ಲಿ ಅಭ್ಯರ್ಥಿಗಳನ್ನು ಕೂರಿಸಿ ಚರ್ಚೆ ಮಾಡಿಸಿ ಅದನ್ನು ಚಿತ್ರೀಕರಿಸಿದರು. ಆಮೇಲೆ 224 ಮತಗಟ್ಟೆ ಪ್ರದೇಶಗಳಲ್ಲಿ ಅರ್ಧವನ್ನು, ಅಂದರೆ 112ನ್ನು, ಚೀಟಿ ಎತ್ತಿದ ಹಾಗೆ ಆರಿಸಿ ಅಲ್ಲಿ ಮಾತ್ರ ಊರ ಬಯಲಲ್ಲಿ ಪರದೆ ಕಟ್ಟಿ ತೋರಿಸಿದರು. ಉಳಿದ ಅರ್ಧದಲ್ಲಿ ತೋರಿಸಲಿಲ್ಲ. ಈಗ ಎರಡನ್ನೂ ಹೋಲಿಸಬಹುದಲ್ವಾ? ಚರ್ಚೆ ನೋಡಿದ ಊರುಗಳ ಜನರಿಗೆ ಅಭ್ಯರ್ಥಿಗಳ ಬಗ್ಗೆ, ಸಂಸದರ ಕೆಲಸ ಏನೆಂಬುದರ ಬಗ್ಗೆ ಜಾಸ್ತಿ ಗೊತ್ತಾಗಿತ್ತು. ಚರ್ಚೆಯಲ್ಲಿ ಚೆನ್ನಾಗಿ ಮಾತಾಡಿದವರಿಗೆ ಅಲ್ಲಿ ಓಟು ಹೆಚ್ಚಿತು. ಅಭ್ಯರ್ಥಿಗಳೂ ಆ ಊರುಗಳ ಕಡೆ ಹೆಚ್ಚು ಗಮನ ಕೊಟ್ಟು ಖರ್ಚು ಮಾಡಿದರು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇನ್ನೊಂದು. ಚರ್ಚೆಯಲ್ಲಿ ಕೂತು ಆಮೇಲೆ ಗೆದ್ದವರು ಉಳಿದವರಿಗಿಂತ ಹೆಚ್ಚು ಸಲ ಕ್ಷೇತ್ರಕ್ಕೆ ಬಂದರು, ಅಭಿವೃದ್ಧಿ ಹಣವನ್ನೂ ಹೆಚ್ಚು ಖರ್ಚು ಮಾಡಿದರು. ಎಲ್ಲರೆದುರು ಬಾಯಿಬಿಟ್ಟು ಹೇಳಿದ್ದು ಅವರನ್ನು ಕಟ್ಟಿಹಾಕಿತ್ತು.

ಎರಡೂ ಅಧ್ಯಯನ ಒಂದಕ್ಕೊಂದು ವಿರುದ್ಧ ಅಂತ ಕಂಡರೂ ಹಾಗಲ್ಲ. ದೊಡ್ಡ ದೇಶದ ದೊಡ್ಡ ನಾಯಕರ ಬಗ್ಗೆ ಜನರಿಗೆ ವರ್ಷಗಟ್ಟಲೆ ಗೊತ್ತಿರುತ್ತದೆ. ಒಂದೂವರೆ ಗಂಟೆಯ ಚರ್ಚೆ ಹೊಸದಾಗಿ ಹೇಳುವುದು ಕಡಿಮೆ. ಅಭ್ಯರ್ಥಿ ಯಾರೆಂದೇ ಸರಿಯಾಗಿ ಗೊತ್ತಿಲ್ಲದ ಕಡೆ ಒಂದು ಗಂಟೆಯ ಮಾತೂ ದೊಡ್ಡದು. ಹಾಗಾಗಿ ಚರ್ಚೆಗೆ ಹೆಚ್ಚು ಬೆಲೆ ಇರುವುದು ಪ್ರಧಾನಿ ಮಟ್ಟದಲ್ಲಿ ಅಲ್ಲ. ನಮ್ಮ ವಾರ್ಡಿನಲ್ಲಿ, ನಮ್ಮ ವಿಧಾನಸಭಾ ಕ್ಷೇತ್ರದಲ್ಲಿ.

ನಮ್ಮ ಕಡೆ ಅಂತರವೂ ಎಂಥದ್ದು ನೋಡಿ. 1957ರಲ್ಲಿ ಮೊದಲ ಕೇರಳ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾಗಿದ್ದರು. ಅದೇ ಮಂಜೇಶ್ವರದಲ್ಲಿ 2016ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಎದುರು ಗೆದ್ದದ್ದು 89 ಓಟುಗಳಿಂದ. ಒಂದೂವರೆ ಲಕ್ಷಕ್ಕೂ ಹೆಚ್ಚು ಓಟು ಬಿದ್ದಿತ್ತು. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅವರು ಅದೇ ಎದುರಾಳಿಯ ಮೇಲೆ ಗೆದ್ದದ್ದು 745ರಿಂದ. ಪಂಚಾಯತು ವಾರ್ಡುಗಳಲ್ಲಂತೂ ಬೆರಳೆಣಿಕೆಯ ಓಟಿನಲ್ಲಿ ತೀರ್ಮಾನವಾದದ್ದು ಎಲ್ಲರಿಗೂ ಗೊತ್ತು. ಚರ್ಚೆ ಕೆಲವೇ ಜನರ ಮನಸ್ಸು ಬದಲಿಸಿದರೂ ಇಂಥಲ್ಲಿ ಅದು ಸಣ್ಣದಲ್ಲ.

ಭಾರತದಲ್ಲಿ ಅಭ್ಯರ್ಥಿಗಳ ಚರ್ಚೆ ಕಡ್ಡಾಯ ಎನ್ನುವ ಕಾನೂನು ಇಲ್ಲ. ನಾವು ನೇರವಾಗಿ ಪ್ರಧಾನಿಗೆ ಓಟು ಹಾಕುವುದಿಲ್ಲ, ಕ್ಷೇತ್ರದ ಅಭ್ಯರ್ಥಿಗೆ ಹಾಕುತ್ತೇವೆ. ಅಮೆರಿಕದ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ ಎನ್ನುವವರು ಇದನ್ನೇ ಹೇಳುತ್ತಾರೆ. ಆದರೆ ಸಂಸದೀಯ ಪದ್ಧತಿಯ ಬ್ರಿಟನ್‌ನಲ್ಲೂ 2010ರಿಂದ ನಾಯಕರ ಟಿವಿ ಚರ್ಚೆ ನಡೆಯುತ್ತಿದೆ. ಆ ವರ್ಷ ಚರ್ಚೆಯಲ್ಲಿ ಮಿಂಚಿದ್ದು ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕ ನಿಕ್ ಕ್ಲೆಗ್. ಸಮೀಕ್ಷೆಗಳಲ್ಲಿ ಅವರ ಪಕ್ಷ ಒಮ್ಮೆಲೇ ಮೇಲೇರಿತು. ಓಟು ಎಣಿಸುವಾಗ ಸೀಟು 62ರಿಂದ 57ಕ್ಕೆ ಇಳಿದಿತ್ತು! 2019ರಲ್ಲಿ ಅಲ್ಲಿನ ಒಂದು ವಾಹಿನಿಯ ಹವಾಮಾನ ಚರ್ಚೆಗೆ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಬರಲಿಲ್ಲ. ವಾಹಿನಿಯವರು ಅವರ ಜಾಗದಲ್ಲಿ ಮಂಜುಗಡ್ಡೆಯ ಶಿಲ್ಪ ಇಟ್ಟರು. ಚರ್ಚೆ ಮುಗಿಯುವವರೆಗೂ ಅದು ಕರಗುತ್ತಲೇ ಇತ್ತು.

ನಮ್ಮಲ್ಲಿ 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಮತ್ತು ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರಿಗೂ ಬಹಿರಂಗ ಚರ್ಚೆಗೆ ಆಹ್ವಾನ ಕೊಟ್ಟು ಪತ್ರ ಬರೆದಿದ್ದರು. ರಾಹುಲ್ ಒಪ್ಪಿದರು. ಬಿಜೆಪಿ ತನ್ನ ಕಡೆಯಿಂದ ಯುವ ಮೋರ್ಚಾದ ನಾಯಕರೊಬ್ಬರ ಹೆಸರು ಹೇಳಿತು. ಚರ್ಚೆ ನಡೆಯಲಿಲ್ಲ. ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗೆ ಮುಂಚೆ ಅಧ್ಯಕ್ಷ ಅಭ್ಯರ್ಥಿಗಳ ಚರ್ಚೆ ನಡೆಸುವ ವಾಡಿಕೆ ಬಹಳ ಕಾಲದಿಂದ ಇದೆ. ಅಂದರೆ ನಮ್ಮ ದೇಶದ ಗಾಳಿಗೆ ಇದು ಒಗ್ಗುವುದಿಲ್ಲ ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಇನ್ನು ಗಡಿಯಲ್ಲಿರುವ ನಮಗೆ ಇದು ಯಾಕೆ ಬೇಕು ಎಂಬ ಮಾತಿಗೆ ಬರುತ್ತೇನೆ.

ಪ್ರಚಾರದ ಜೀಪು ನಮ್ಮ ರಸ್ತೆಯಲ್ಲಿ ಹೋಗುವಾಗ ಮೈಕಿನಲ್ಲಿ ಬರುವುದು ಹೆಚ್ಚಾಗಿ ಮಲಯಾಳ. ನಮಗೆ ಮಲಯಾಳ ಅರ್ಥವಾಗುತ್ತದೆ, ಮಾತಾಡುತ್ತೇವೆ ಕೂಡ. ಅಭ್ಯರ್ಥಿಯನ್ನು ನಾವೂ ಎಷ್ಟೋ ಸಲ ಸ್ಥಾನಾರ್ಥಿ ಎಂದೇ ಕರೆಯುತ್ತೇವೆ. ಆದರೆ ಎಂಬತ್ತು ದಾಟಿದ ಅಜ್ಜಿಗೆ, ಕನ್ನಡ ಶಾಲೆಯಲ್ಲಿ ಮಾತ್ರ ಓದಿದವರಿಗೆ ಯೋಜನೆ, ಅನುದಾನ, ಮೀಸಲು ಎಂಬ ಲೆಕ್ಕದ ಮಾತುಗಳು ಅವರ ಭಾಷೆಯಲ್ಲೇ ಬಂದರೆ ಮಾತ್ರ ಮರುಪ್ರಶ್ನೆ ಹುಟ್ಟುತ್ತದೆ. ಅರ್ಥವಾಗದ್ದಕ್ಕೆ ಮನುಷ್ಯ ಪ್ರಶ್ನೆ ಕೇಳುವುದಿಲ್ಲ, ತಲೆ ಆಡಿಸುತ್ತಾನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಕಡೆಯ ಚುನಾವಣೆಗಳಲ್ಲಿ ಭಾಷೆ ಒಂದು ಭಾವನೆಯ ವಿಷಯವಾಗಿಯೇ ಬರುತ್ತದೆ. 1969ರ ಕೇರಳದ ಆಡಳಿತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದ ಜೊತೆ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. 2021ರಲ್ಲಿ ಅಶ್ರಫ್ ಅವರು ಶಾಸಕರಾಗಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ನಮಗೆಲ್ಲ ಖುಷಿಯಾಯಿತು. ಆದರೆ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಏನು ಮಾಡುತ್ತೀರಿ, ಯಾರಿಗೆ ಬರೆಯುತ್ತೀರಿ, ಎಷ್ಟು ದಿನದಲ್ಲಿ ಸರಿಮಾಡಿಸುತ್ತೀರಿ ಎಂಬ ಪ್ರಶ್ನೆಗೆ ಎಲ್ಲ ಕಡೆಯ ಅಭ್ಯರ್ಥಿಗಳೂ ಅಕ್ಕಪಕ್ಕ ಕೂತು ಉತ್ತರ ಹೇಳುವುದನ್ನು ನಾನು ಇನ್ನೂ ನೋಡಿಲ್ಲ.

ಆಸ್ಪತ್ರೆಯದ್ದೂ ಹಾಗೆಯೇ. 2020ರ ಮಾರ್ಚ್‌ನಲ್ಲಿ ಕೋವಿಡ್ ಹೊತ್ತಿಗೆ ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮವರು ಪ್ರಾಣ ಬಿಟ್ಟರು. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. 2016ರಲ್ಲಿ ಅಧಿಕಾರ ಕಾಂಗ್ರೆಸ್ ಮುಂದಾಳ್ತನದ ಐಕ್ಯರಂಗದಿಂದ ಎಡಪಕ್ಷಗಳ ಎಡರಂಗಕ್ಕೆ ದಾಟಿತು. ಒಬ್ಬೊಬ್ಬರೇ ಬಂದಾಗ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಒಟ್ಟಿಗೆ ಕೂರಿಸಿದರೆ ಆ ಬೆರಳಿಗೆ ಅಲ್ಲೇ ಉತ್ತರ ಸಿಗುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಅಷ್ಟಾದ ಮೇಲೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಮುಷ್ಕರಕ್ಕೆ ಕೂರಬೇಕಾಯಿತು. ಎಣ್ಮಕಜೆ ಪಂಚಾಯತಿನ ಸ್ವರ್ಗ ಎಂಬ ಊರಿನ ಕಡೆಯ ಒಬ್ಬ ತಾಯಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರೆ ಯಾವ ವಾಗ್ಮಿಯೂ ಅದನ್ನು ಹಾರಿಸಿ ಮುಂದೆ ಹೋಗಲಾರ.

ಹಾಗೆಂದು ನಾಲ್ಕು ಕುರ್ಚಿ ಹಾಕಿ ಮೈಕ್ ಇಟ್ಟರೆ ಚರ್ಚೆ ಆಗುವುದಿಲ್ಲ. ಕೇರಳದಲ್ಲಿ ಚಾನೆಲ್‌ನವರು ಊರೂರಿಗೆ ಬಂದು ಬಯಲಲ್ಲಿ ನಡೆಸುವ ಚುನಾವಣಾ ಚರ್ಚೆ ನೋಡಿದ್ದೀರಲ್ವಾ? ಕಾರ್ಯಕರ್ತರ ಘೋಷಣೆಯಲ್ಲಿ ಮಾತು ಮುಳುಗಿಹೋಗುತ್ತದೆ. ಚರ್ಚೆಯ ಜೀವ ಇರುವುದು ನಿಯಮದಲ್ಲಿ, ನಿಯಮದ ಜೀವ ನಡೆಸುವವರಲ್ಲಿ. ತಾಳಮದ್ದಳೆಯಲ್ಲಿ ಪದ್ಯ ಹಾಡಿ ನಡೆಸುವ ಭಾಗವತರು ಇದ್ದ ಹಾಗೆ. ಅರ್ಥ ಉದ್ದವಾಯಿತೆಂದರೆ ಅವರು ಪದ್ಯ ಎತ್ತುತ್ತಾರೆ, ಅರ್ಥಧಾರಿ ಎಷ್ಟೇ ದೊಡ್ಡವರಾದರೂ ನಿಲ್ಲಿಸಲೇಬೇಕು. ಚರ್ಚೆ ನಡೆಸುವವರಿಗೂ ಆ ಅಧಿಕಾರ ಬೇಕು. ಅವರು ಯಾವ ಪಕ್ಷದವರೂ ಅಲ್ಲ ಎಂದು ಎಲ್ಲರೂ ಒಪ್ಪಿದವರಾಗಿರಬೇಕು. ಊರಿನ ನಿವೃತ್ತ ಟೀಚರು ಸಾಕು. ಮಕ್ಕಳನ್ನು ಸುಮ್ಮನಿರಿಸಿ ಅಭ್ಯಾಸ ಇರುತ್ತದೆ.

ಪ್ರಶ್ನೆಗಳನ್ನು ಜನರಿಂದಲೇ ಮುಂಚಿತವಾಗಿ ಚೀಟಿಯಲ್ಲಿ ಬರೆಸಿಕೊಂಡು, ಒಂದೇ ಥರದವನ್ನು ಸೇರಿಸಿ, ಆರೇಳು ಪ್ರಶ್ನೆಗೆ ಇಳಿಸಬೇಕು. ಎಲ್ಲರಿಗೂ ಒಂದೇ ಪ್ರಶ್ನೆ. ಮೊದಲು ಯಾರು ಮಾತಾಡುವುದು ಎಂಬುದಕ್ಕೆ ಪ್ರತಿ ಸುತ್ತಿಗೂ ಚೀಟಿ. ಉತ್ತರಕ್ಕೆ ಎರಡು ನಿಮಿಷ, ಎದುರಿನವರ ಮಾತಿಗೆ ಒಂದು ನಿಮಿಷ. ಆಮೇಲೆ ನಡೆಸುವವರು ಒಂದು ಮರುಪ್ರಶ್ನೆ ಕೇಳಲೇಬೇಕು. ಇದು ತಪ್ಪಬಾರದು, ಮೊದಲ ಉತ್ತರ ಬಾಯಿಪಾಠ, ನಿಜವಾದ ಉತ್ತರ ಬರುವುದು ಮರುಪ್ರಶ್ನೆಗೆ. ಅಮೆರಿಕದಲ್ಲಿ 2020ರ ಕೊನೆಯ ಚರ್ಚೆಯಿಂದ, ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕ್ ಬಂದ್ ಮಾಡುವ ಕ್ರಮವೂ ಬಂದಿದೆ. ನಮ್ಮಲ್ಲಿ ಒಂದೇ ಮೈಕ್ ಇಟ್ಟು ಕೈಯಿಂದ ಕೈಗೆ ದಾಟಿಸಿದರೆ ಅದೇ ಕೆಲಸ ಆಗುತ್ತದೆ. ಭಾಷೆಯ ಬಗ್ಗೆ ಜಗಳ ಬೇಡ. ಅಭ್ಯರ್ಥಿ ಮಲಯಾಳದಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ತುಳುವಿನಲ್ಲಿ ಹೇಳಲಿ. ಎರಡು ಭಾಷೆ ಬಲ್ಲ ಒಬ್ಬರು ಕೂಡಲೇ ಕನ್ನಡಕ್ಕೂ ಮಲಯಾಳಕ್ಕೂ ಸಾರ ತಿಳಿಸಲಿ. ಹಾಗೆ ಮಾಡುವವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ.

ಕಾನೂನಿನ ಕಡೆಗೂ ಕಣ್ಣಿಡಬೇಕು. ಸಾರ್ವಜನಿಕ ಸಭೆಗೆ ಅನುಮತಿ ಬೇಕು. ಮತದಾನ ಮುಗಿಯುವ ಹೊತ್ತಿನಿಂದ ಹಿಂದಕ್ಕೆ 48 ಗಂಟೆಯೊಳಗೆ ಚುನಾವಣಾ ಸಭೆ ಮಾಡುವಂತಿಲ್ಲ. ದೇವಸ್ಥಾನ, ಮಸೀದಿ, ಇಗರ್ಜಿಗಳನ್ನು ಪ್ರಚಾರಕ್ಕೆ ಬಳಸುವಂತಿಲ್ಲ, ಧರ್ಮ ಜಾತಿಯ ಹೆಸರಲ್ಲಿ ಓಟು ಕೇಳುವಂತಿಲ್ಲ. ಈಗ ದೇಶಕ್ಕೆಲ್ಲ ಇರುವ ಮಾದರಿ ನೀತಿಸಂಹಿತೆ ಶುರುವಾದದ್ದೇ ಕೇರಳದಲ್ಲಿ, 1960ರ ವಿಧಾನಸಭಾ ಚುನಾವಣೆಯಲ್ಲಿ. ಕಾನೂನಿನ ಬಲವಂತ ಇಲ್ಲದೆ, ಪಕ್ಷಗಳು ಒಟ್ಟಿಗೆ ಕೂತು ಮಾತಾಡಿ ಒಪ್ಪಿಕೊಂಡ ಕಟ್ಟುಪಾಡು ಅದು. ಅಭ್ಯರ್ಥಿಗಳ ಚರ್ಚೆಯೂ ಅದೇ ಥರ ಬರಬಹುದು ಎಂದು ನನ್ನ ನಂಬಿಕೆ. ಒಂದು ಪಂಚಾಯತಿನ ಎಲ್ಲ ಪಕ್ಷದವರು ಒಮ್ಮೆ ಒಪ್ಪಿದರೆ ಪಕ್ಕದ ಪಂಚಾಯತಿನವರಿಗೆ ಇಲ್ಲ ಎನ್ನಲು ಕಷ್ಟ.

ಚರ್ಚೆಗೆ ಕೊರತೆಗಳೂ ಇವೆ. ಮಾತಿನ ಮಲ್ಲರಿಗೆ ಇದು ಅನುಕೂಲ. ಕೆಲಸ ಬಲ್ಲ, ಮಾತು ಕಡಿಮೆಯಿರುವ ಒಬ್ಬ ಆಶಾ ಕಾರ್ಯಕರ್ತೆಯೋ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸೋ ಮೊದಲ ಸಲ ನಿಂತಿದ್ದರೆ ಮೈಕಿನ ಮುಂದೆ ತಡವರಿಸಬಹುದು. ಅದಕ್ಕೇ ಸಣ್ಣ ಸಭೆ, ಗೊತ್ತಿರುವ ಮುಖಗಳು, ಮೊದಲೇ ತಿಳಿಸಿದ ವಿಷಯಗಳು ಒಳ್ಳೆಯದು. ಪ್ರಶ್ನೆ ಊರಿನದ್ದಾದರೆ ಊರಿನ ಕೆಲಸ ಮಾಡಿದವರಿಗೆ ಉತ್ತರ ತಾನಾಗಿ ಬರುತ್ತದೆ. ನೀರಿನ ಪೈಪು ಎಲ್ಲಿ ಒಡೆದಿದೆ ಎಂದು ಗೊತ್ತಿರುವುದು ಅವರಿಗೇ.

ಒಂದು ಕೆಲಸವನ್ನು ಮಾತ್ರ ಖಂಡಿತ ಮಾಡಬೇಕು. ಇಡೀ ಚರ್ಚೆಯನ್ನು ಮೊಬೈಲಿನಲ್ಲಿ ಕತ್ತರಿಸದೆ ಪೂರ್ತಿ ದಾಖಲಿಸಬೇಕು. ಅರ್ಧ ನಿಮಿಷದ ತುಂಡು ಮಾಡಿ ವಾಟ್ಸಾಪಿನಲ್ಲಿ ಹರಿಬಿಟ್ಟರೆ ಚರ್ಚೆಯ ಉದ್ದೇಶವೇ ಕೆಡುತ್ತದೆ. ಪೂರ್ತಿ ದಾಖಲೆ ಊರಿನ ವಾಚನಾಲಯದಲ್ಲಿ ಇರಲಿ. ಗೆದ್ದವರು ಮೆಂಬರಾಗಿ ಗ್ರಾಮಸಭೆಗೆ ಬಂದು ಕೂತಾಗ, ನೀರಿನ ವಿಷಯ ಬಂದಾಗ, ಯಾರಾದರೂ ಒಬ್ಬರು ಎದ್ದು ಆ ಎರಡು ನಿಮಿಷವನ್ನು ಹಾಕಿ ಕೇಳಿಸಬಹುದು. ಸೋತವರೂ ಅಲ್ಲೇ ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರಿಗೂ ಆವತ್ತು ತಾವು ಕೇಳಿದ ಪ್ರಶ್ನೆ ನೆನಪಿರುತ್ತದೆ.